ಪೇಟಿ ರಿಪೇರಿಯ ಶಿವಗಂಗಾ ಮತ್ತೆ ನುಡಿಸುತ್ತಾರೆ

ನಸುಕಿನ ಐದು ಗಂಟೆ. ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದೇ ಒಂದು ಅಂಗಡಿಯ ಶಟರು ಮೊಣಕಾಲೆತ್ತರಕ್ಕೆ ಎದ್ದಿದೆ. ಒಳಗೆ ಬಲ್ಬಿನ ಕೆಳಗೆ, ಚಾಪೆಯ ಮೇಲೆ, ಶಿವಗಂಗಾ ಕುಳಿತಿದ್ದಾರೆ. ಮುಂದೆ ಮುಚ್ಚಳ ಬಿಚ್ಚಿದ ಹಾರ್ಮೋನಿಯಂ. ಈ ಸೀಮೆಯವರ ಬಾಯಲ್ಲಿ ಅದು ಪೇಟಿ. ಜೂನ್ ತಿಂಗಳ ಸೆಕೆಗೆ ಹಣೆಯ ಬೆವರು ಹುಬ್ಬಿಗಿಳಿದಿದೆ, ಆದರೂ ಅವರು ಫ್ಯಾನು ಹಚ್ಚಿಲ್ಲ. ಫ್ಯಾನಿನ ಗುಂಯ್ ಸದ್ದಿಗೂ ಒಂದು ಸ್ವರವಿದೆ, ಅದು ಕಿವಿಯ ದಾರಿಗೆ ಅಡ್ಡ ಬರುತ್ತದೆ.

ಎಡಗೈ ತಿದಿ ಒತ್ತುತ್ತದೆ, ಬಲಗೈ ಬೆರಳು ಒಂದು ಬಿಳಿ ಪಟ್ಟಿಯ ಮೇಲೆ ನಿಲ್ಲುತ್ತದೆ. ಒಂದೊಂದು ಪಟ್ಟಿಯ ಕೆಳಗೂ ಹಿತ್ತಾಳೆಯ ಎರಡು ನಾಲಿಗೆಗಳು, ಒಂದು ದಪ್ಪ ದನಿಯದು, ಇನ್ನೊಂದು ಸಣ್ಣ ದನಿಯದು. ಎರಡೂ ಕೂಡಿದರೆ ದನಿ ಎಣ್ಣೆಯ ಧಾರೆಯಂತೆ ಇಳಿಯುತ್ತದೆ. ಕೂದಲೆಳೆಯಷ್ಟು ತಪ್ಪಿದರೂ ‘ವಂವ್, ವಂವ್’ ಎಂದು ಅಲೆ ಏಳುತ್ತದೆ. ಶಿವಗಂಗಾ ಆ ಅಲೆಯನ್ನು ಎಣಿಸುತ್ತಾರೆ. ನಾಲಿಗೆಯ ಕೆಳಗೆ ತೆಳು ತಗಡು ತೂರಿಸಿ, ಅರದಿಂದ ತುದಿಯನ್ನು ಎರಡು ಸಲ ಸವರುತ್ತಾರೆ. ದನಿ ಒಂದಿಷ್ಟು ಏರುತ್ತದೆ. ಬುಡದಲ್ಲಿ ಸವರಿದ್ದರೆ ಇಳಿಯುತ್ತಿತ್ತು.

“ಸವರಿದ್ದು ಮತ್ತ ಹತ್ತಂಗಿಲ್ರಿ” ಎನ್ನುತ್ತಾರೆ, ಅರವನ್ನು ಸೆರಗಿಗೆ ಒರೆಸುತ್ತ. “ಸಾರಿಗಿ ಉಪ್ಪು ಹೆಚ್ಚಾದ್ರ ನೀರ ಹಾಕಬಹುದು. ಹಿತ್ತಾಳಿಗಿ ಏನ್ ಹಾಕ್ತೀರಿ?”

ಶಟರಿನ ಕೆಳಗಿಂದ ಒಂದು ಕೈ ಚಹಾದ ಲೋಟವನ್ನು ಒಳಗೆ ಸರಿಸಿ ಹಿಂದೆ ಹೋಗುತ್ತದೆ. ಅದು ಗಂಡ ದೇವೀಂದ್ರಪ್ಪನ ಕೈ. ಗೂಡ್ಸ್ ಆಟೊ ಓಡಿಸುವ ಅವರಿಗೆ ಬೆಳಗಿನ ಎಂಟರವರೆಗೆ ಈ ಅಂಗಡಿಯಲ್ಲಿ ಮಾತಾಡುವ ಪರವಾನಗಿ ಇಲ್ಲ. “ಮಂದಿ ಹೆಂಡ್ತಿ ಮಾತಾಡಸಲಿಲ್ಲಂದ್ರ ಸಿಟ್ಟಾಗ್ತಾರ, ನಮ್ಮಾಕಿ ಮಾತಾಡಸಿದ್ರ ಸಿಟ್ಟಾಗ್ತಾಳ” ಎಂದು ಹೊರಗೆ ಆಟೊದ ಗಾಜಿಗೆ ಹೇಳಿಕೊಳ್ಳುತ್ತಾರೆ, ಒಳಗೆ ಕೇಳುವಷ್ಟು ಗಟ್ಟಿಯಾಗಿ. ಎಂಟಾದರೆ ಬಸ್ಸಿನ ಹಾರ್ನ್ ಶುರುವಾಗುತ್ತದೆ. ಆಮೇಲೆ ತಿದಿಗೆ ಚರ್ಮ ಅಂಟಿಸುವುದು, ಸ್ಪ್ರಿಂಗ್ ಬದಲಿಸುವುದು, ಕಟ್ಟಿಗೆಗೆ ಪಾಲಿಶ್ ಹಾಕುವುದು, ಹೀಗೆ ಕಿವಿ ಬೇಡದ ಕೆಲಸಗಳು. ಒಂದು ಪೇಟಿಗೆ ನಲವತ್ತೆರಡು ಪಟ್ಟಿ, ಎಂಬತ್ನಾಲ್ಕು ನಾಲಿಗೆ. ಒಂದು ನಸುಕಿಗೆ ಮೂವತ್ತು ನಾಲಿಗೆ ಕೂಡಿಸಿದರೆ ಅಂದಿನದು ಒಳ್ಳೆಯ ದಿನ. ಶ್ರಾವಣಕ್ಕೆ ಮುಂಚಿನ ಎರಡು ತಿಂಗಳಲ್ಲಿ ಆಳಂದ, ಅಫಜಲಪುರ, ಜೇವರ್ಗಿ ಮೂರೂ ತಾಲ್ಲೂಕುಗಳ ಭಜನಾ ಮಂಡಳಿಗಳಿಂದ ಇಪ್ಪತ್ತೈದು ಪೇಟಿಗಳಾದರೂ ಈ ಚಾಪೆಗೆ ಬರುತ್ತವೆ.

ಐವತ್ತೆರಡರ ಶಿವಗಂಗಾ ಹುಟ್ಟಿದ್ದು ಜೇವರ್ಗಿ ಕಡೆಯ ಇಜೇರಿಯಲ್ಲಿ. ಅಪ್ಪ ಹೊಲದ ಕೆಲಸ ಮುಗಿಸಿ ಗುಡಿಯಲ್ಲಿ ಪೇಟಿ ನುಡಿಸುತ್ತಿದ್ದರು. ತಿದಿ ಒತ್ತುವ ಕೆಲಸ ಮಗಳದು. ಒತ್ತುತ್ತ ಒತ್ತುತ್ತ ಅವಳ ಬಲಗೈಯೂ ಪಟ್ಟಿಗಳ ಮೇಲೆ ಬಂತು. ಮದುವೆಯಾಗಿ ಆಳಂದಕ್ಕೆ ಬರುವಾಗ ಅಪ್ಪ ಆ ಪೇಟಿಯನ್ನೇ ಜೊತೆಗೆ ಕಳಿಸಿದರು. ಕೆಲವು ವರ್ಷಗಳ ಮೇಲೆ ಇಲಿ ಅದರ ತಿದಿ ಕಡಿಯಿತು. ರಿಪೇರಿಗೆಂದು ಈ ಅಂಗಡಿಗೆ ತಂದರು. ಆಗ ಇಲ್ಲಿ ಕೂರುತ್ತಿದ್ದವರು ಲಾಡ್ಲೆಸಾಬ.

ಪೇಟಿ ಕೊಟ್ಟು ಹೋಗಬೇಕಾದ ಶಿವಗಂಗಾ ಸಂಜೆಯವರೆಗೂ ನೋಡುತ್ತ ಕುಳಿತರು. ಮರುದಿನವೂ ಬಂದರು. ಮೂರನೆಯ ದಿನ ಲಾಡ್ಲೆಸಾಬ ಕೈಗೆ ಅರ ಕೊಟ್ಟು, “ಬೇಟಿ, ಕೈ ಎಲ್ಲಾರಿಗೂ ಅವ. ಕಿವಿ ಅದನೋ ಇಲ್ಲೋ ತೋರಸು” ಎಂದರು. ಇಪ್ಪತ್ತನಾಲ್ಕು ವರ್ಷಗಳ ಹಿಂದಿನ ಮಾತಿದು. ಎಂಟು ವರ್ಷಗಳಿಂದ ಲಾಡ್ಲೆಸಾಬರ ಕಿವಿ ಪೂರ್ತಿ ಮಂದವಾಗಿದೆ. ಅಂಗಡಿ ಶಿವಗಂಗಾ ಅವರದಾಗಿದೆ, ಬೋರ್ಡಿನ ಮೇಲೆ ಇಂದಿಗೂ ಗುರುವಿನದೇ ಹೆಸರು.

ಮೊದಮೊದಲು ಪೇಟಿ ಹೊತ್ತು ಬಂದವರು ಇವರನ್ನು ದಾಟಿ ಒಳಗೆ ಇಣುಕುತ್ತಿದ್ದರು. “ಮಾಸ್ತರ ಎಲ್ಲಿ ಹೋಗ್ಯಾರ್ರೀ?” ಎಂದರೆ, “ಇಲ್ಲೇ ಕುಂತಾರ, ಕಾಣವಲ್ರೇನು?” ಎಂದು ಇವರು ತಮ್ಮ ಎದೆ ಮುಟ್ಟಿ ತೋರಿಸುತ್ತಿದ್ದರು. ನಂಬದವರ ಪೇಟಿಯ ಒಂದೇ ಪಟ್ಟಿ ಸರಿ ಮಾಡಿ, ಪಕ್ಕದ್ದನ್ನು ಹಾಗೇ ಬಿಟ್ಟು, ಎರಡನ್ನೂ ಒತ್ತಿ ಕೇಳಿಸುತ್ತಿದ್ದರು. ರಿಪೇರಿ ಮಾಡಿಸದೆ ಪೇಟಿ ತಿರುಗಿ ಒಯ್ದವರು ಯಾರೂ ಇಲ್ಲ.

ಆದರೆ ಈ ಕಿವಿಯೇ ಅವರಿಂದ ಒಂದನ್ನು ಕಸಿದುಕೊಂಡಿತು. ಶಿವಗಂಗಾ ನುಡಿಸುವುದನ್ನು ಬಿಟ್ಟರು ಎನ್ನುವುದು ಅಷ್ಟು ಸರಿಯಾದ ಮಾತಲ್ಲ. ಅದು ಒಂದೊಂದೇ ದಿನ ಕಡಿಮೆಯಾಗಿ, ಒಂದು ದಿನ ಇಲ್ಲವಾಯಿತು. ಅಪ್ಪನ ಪೇಟಿ ಮುಂದಿಟ್ಟುಕೊಂಡು ಹಾಡಿನ ಎರಡು ಸಾಲು ನುಡಿಸುವಷ್ಟರಲ್ಲಿ ಎಲ್ಲೋ ಒಂದು ಅಲೆ ಕೇಳುತ್ತಿತ್ತು. ಕೈ ಸ್ಕ್ರೂಡ್ರೈವರಿಗೆ ಹೋಗುತ್ತಿತ್ತು. ಆ ಪಟ್ಟಿ ಸರಿಯಾದರೆ ಪಕ್ಕದ್ದು ತಪ್ಪೆನಿಸುತ್ತಿತ್ತು. ಸಂಜೆ ನುಡಿಸಲು ಕುಳಿತವರು ರಿಪೇರಿ ಮಾಡಿ ಏಳುತ್ತಿದ್ದರು.

ಏಳು ವರ್ಷಗಳ ಹಿಂದಿನ ನಾಗರಪಂಚಮಿಗೆ ಮನೆತುಂಬ ನೆಂಟರು. ‘ಒಂದ್ ಪದ ನುಡಸವ್ವ’ ಎಂದು ಎಲ್ಲರೂ ಸುತ್ತ ಕುಳಿತರು. ಮೊದಲ ಸಾಲಿಗೇ ಒಂದು ನಾಲಿಗೆ ನಡುಗಿದ್ದು ಶಿವಗಂಗಾ ಅವರಿಗೆ ಮಾತ್ರ ಕೇಳಿತು. ಅಲ್ಲೇ, ಎಲ್ಲರ ಮುಂದೆ, ಪೇಟಿ ಬಿಚ್ಚಿದರು. ಅದೇ ನಾಲಿಗೆಯನ್ನು ಎಷ್ಟು ಸಲ ಸವರಿದ್ದರೋ, ಅರ ಮುಟ್ಟಿದ್ದೇ ಚಿಟಕ್ ಎಂದು ಮುರಿಯಿತು.

“ಅಪ್ಪನ ಪೇಟಿರಿ. ನಲವತ್ತ ವರ್ಷ ಅವನ ಕೈಯಾಗ ಏನೂ ಆಗಿದ್ದಿಲ್ಲ. ಅದನ್ನ ಸುಧಾರಸತೇನಂತ ಹೋಗಿ ನಾನೇ ಮುರದೆ.” ಇದನ್ನು ಹೇಳುವಾಗ ಅವರು ಪೇಟಿಯನ್ನು ನೋಡುವುದಿಲ್ಲ, ಬೆರಳುಗಳನ್ನು ನೋಡುತ್ತಾರೆ.

ಆ ಪೇಟಿಯನ್ನು ಹಳೆಯ ಸೀರೆಯಲ್ಲಿ ಸುತ್ತಿ ಕಪಾಟಿನ ಮೇಲಿಟ್ಟರು. ಹೊಸ ನಾಲಿಗೆ ಹಾಕುವುದು ಅವರಿಗೆ ಅರ್ಧ ಗಂಟೆಯ ಕೆಲಸ. ಆರು ವರ್ಷ ಹಾಕಲಿಲ್ಲ. ಗಿರಾಕಿಗಳ ಪೇಟಿಯನ್ನೂ ಪಟ್ಟಿ ಪಟ್ಟಿಯಾಗಿ ಒತ್ತಿ ನೋಡುತ್ತಿದ್ದರೇ ಹೊರತು ಹಾಡಿನ ಒಂದು ಸಾಲು ನುಡಿಸಲಿಲ್ಲ. “ಊರ ಪೇಟಿಗೆಲ್ಲ ದನಿ ಕೊಡ್ತಿ, ನಿಮ್ಮಪ್ಪನ ಪೇಟಿಗಿ ಸೀರಿ ಉಡಸಿ ಅಟ್ಟ ಹತ್ತಿಸಿದಿ” ಎಂದು ದೇವೀಂದ್ರಪ್ಪ ಕೆಣಕುತ್ತಿದ್ದರು. ಲಾಡ್ಲೆಸಾಬ ಕೆಣಕುತ್ತಿರಲಿಲ್ಲ. ಅವರು ಅಂಗಡಿಗೆ ಬಂದಾಗ, ಶಿವಗಂಗಾ ತಿದಿ ಒತ್ತಿ ಪಟ್ಟಿ ಹಿಡಿದರೆ, ಪೇಟಿಯ ಕಟ್ಟಿಗೆಯ ಮೇಲೆ ಅಂಗೈ ಇಟ್ಟು ನಡುಕದಿಂದಲೇ ದನಿ ತಿಳಿಯುತ್ತಾರೆ. ಒಂದು ದಿನ ಕೈ ತೆಗೆದು ಹೇಳಿದರು, “ಬರೋಬರ್ ಅದ ಬೇಟಿ. ಆದ್ರ ಒಳಗ ಯಾರೂ ಇಲ್ಲ.” ಆ ಮಾತು ಶಿವಗಂಗಾ ಅವರನ್ನು ಹೆದರಿಸಿತು. ನುಡಿಸದ ಕೈ ರಿಪೇರಿಯನ್ನೂ ಒಣಗಿಸುತ್ತಿದೆ ಎಂದು ಮೊದಲ ಬಾರಿಗೆ ಅನಿಸಿತು. ಅನಿಸಿದರೂ ಕೈ ಕಪಾಟಿನ ಮೇಲೆ ಹೋಗಲಿಲ್ಲ.

ಹೋದ ವರ್ಷ ಶ್ರಾವಣಕ್ಕೆ ಹದಿನೈದು ದಿನ ಮುಂಚೆ ಅಫಜಲಪುರ ತಾಲ್ಲೂಕಿನ ಗೊಬ್ಬೂರದ ಮಹಿಳಾ ಭಜನಾ ಮಂಡಳಿಯ ಪೇಟಿ ಬಂತು. ತಂದವರು ಹಣಮವ್ವ. ಮಂಡಳಿಗೆ ಹಾಡುವವರೂ ಅವರೇ, ಪೇಟಿ ನುಡಿಸುವವರೂ ಅವರೇ. “ತಿದಿ ಹರದದ, ಅದಷ್ಟ ಹೊಲದ ಕೊಡ್ರಿ” ಎಂದು ಹೇಳಿ ಹೋದರು.

ಶಿವಗಂಗಾ ಪೇಟಿ ಬಿಚ್ಚಿದರು. ನಡುವಿನ ಒಂದು ಬಿಳಿ ಪಟ್ಟಿಯ ಕೆಳಗೆ ಎರಡೂ ನಾಲಿಗೆ ಇಲ್ಲ. ಇರಬೇಕಾದಲ್ಲಿ ಹಳೆಯ ಇಳಕಲ್ ಸೀರೆಯ ತುಂಡು ತುರುಕಿದೆ. ಅವರಿಗೆ ಅಯ್ಯೋ ಅನಿಸಿತು. ಯಾರೂ ಕೇಳದಿದ್ದರೂ ಅರಿವೆ ಕಿತ್ತು ಹೊಸ ನಾಲಿಗೆ ಹಾಕಿದರು. ಮೂರು ನಸುಕು ಕುಳಿತು ಎಂಬತ್ನಾಲ್ಕನ್ನೂ ಎಣ್ಣೆಯ ಧಾರೆ ಮಾಡಿದರು. ಆ ವರ್ಷದ ತಮ್ಮ ಅತಿ ಚೊಕ್ಕ ಕೆಲಸ ಅದು ಎಂದು ಅವರು ಈಗಲೂ ಹೇಳುತ್ತಾರೆ.

ರಿಪೇರಿಯಾದ ಪೇಟಿ ಊರಿಗೆ ಹೋದ ನಾಲ್ಕನೆಯ ದಿನ ಮೊದಲ ಬಸ್ಸಿಗೇ ಹಣಮವ್ವ, ಜೊತೆಗೆ ಇಬ್ಬರು ಹೆಂಗಸರು ಬಂದಿಳಿದರು. ಪೇಟಿಯನ್ನು ಕೂಸಿನ ಹಾಗೆ ಚಾದರದಲ್ಲಿ ಸುತ್ತಿಕೊಂಡಿದ್ದರು.

“ಯವ್ವಾ, ನಮ್ಮ ಪೇಟಿ ಕೆಡಸಿ ಕೊಟ್ಟೀರಲ್ಲ!”

“ಕೆಡಸೀನಾ? ಎಲ್ಲೆದ ತಪ್ಪು, ತೋರಸ್ರಿ.”

“ತಪ್ಪಿಲ್ಲ, ಅದೇ ತಪ್ಪಾಗ್ಯಾದ. ಈ ಪಟ್ಟಿ ಮೂಕಿತ್ತು. ಈಗ ಮಾತಾಡಾಕತ್ತದ.”

ಇಪ್ಪತ್ತೆರಡು ವರ್ಷ ಆ ಪಟ್ಟಿಗೆ ದನಿ ಇರಲಿಲ್ಲ. ಹಾಡಿನಲ್ಲಿ ಬೆರಳು ಅಲ್ಲಿಗೆ ಹೋಗುತ್ತದೆ, ದನಿ ಬರುವುದಿಲ್ಲ, ಆ ಚೂರು ಬಿಡುವಿನಲ್ಲಿ ಹದಿಮೂರು ಮಂದಿ ಹೆಂಗಸರು ಒಟ್ಟಿಗೆ ಉಸಿರು ಎಳೆದುಕೊಳ್ಳುತ್ತಾರೆ. ಗೊಬ್ಬೂರದ ಹಾಡುಗಳೆಲ್ಲ ಹಾಗೇ ಬೆಳೆದಿದ್ದವು. ಹೊಸ ಸೊಸೆಯಂದಿರೂ ಹಾಗೇ ಕಲಿತಿದ್ದರು. ಈಗ ಉಸಿರಿನ ಜಾಗದಲ್ಲಿ ಸ್ವರ ಬಂದು ಕುಳಿತಿತ್ತು.

“ಹಂಗಾರ ಆ ಪಟ್ಟಿ ಒತ್ತಬ್ಯಾಡ್ರಿ” ಎಂದರು ಶಿವಗಂಗಾ.

“ಬೆರಳ ಕೇಳಬೇಕಲ್ರಿ! ಒತ್ತಲಾರದ ಬಿಟ್ರ ತಾಳ ತಪ್ಪತದ, ಒತ್ತಿದ್ರ ಉಸರ ತಪ್ಪತದ. ಮುಂದಿನ ಸೋಮವಾರ ಶ್ರಾವಣ. ಮೊದಲ ಹ್ಯಾಂಗಿತ್ತೋ ಹಂಗ ಕೆಡಸಿ ಕೊಡ್ರಿ.”

ಇಪ್ಪತ್ತ್ಮೂರು ವರ್ಷಗಳಲ್ಲಿ ಕೆಡಿಸಿ ಕೊಡಿ ಎಂದು ಕೇಳಿದವರು ಇವರೇ ಮೊದಲು. ಶಿವಗಂಗಾ ಹೊಸ ನಾಲಿಗೆಗಳನ್ನು ತೆಗೆದು ಮೆತ್ತನೆಯ ಉಣ್ಣೆ ಬಟ್ಟೆಯ ಬನಾತು ತುರುಕಿದರು. ಹಣಮವ್ವ ನುಡಿಸಿ ನೋಡಿ ಮುಖ ಸೊಟ್ಟ ಮಾಡಿದರು. “ನಾ ನುಡಸೋ ಮುಂದ ನನಗ ಹಾಡ ಕೇಳತದ, ಪೇಟಿ ಕೇಳಂಗಿಲ್ಲ. ನೀವು ನುಡಸ್ರಿ. ನಾವ್ ಹಾಡತೇವಿ, ಆವಾಗ ತಿಳಿತದ.”

“ನಾ ನುಡಸಂಗಿಲ್ರಿ. ರಿಪೇರಿ ಅಷ್ಟ ನಂದು.”

ಹಣಮವ್ವ ಜೊತೆಯವರ ಕಡೆ ತಿರುಗಿದರು. “ನೋಡ್ರೆವ್ವ. ಅಡಿಗಿ ಮಾಡಾಕಿನೇ ಉಣಂಗಿಲ್ಲಂದ್ರ ಆ ಅಡಿಗಿ ನಾವ್ ಹ್ಯಾಂಗ ಉಣಬೇಕು?”

ಮೂವರೂ ನಕ್ಕರು. ಶಿವಗಂಗಾ ಪೇಟಿಯನ್ನು ತಮ್ಮ ಕಡೆ ಎಳೆದುಕೊಂಡರು. ಸಿಟ್ಟಿಗೋ, ಮರ್ಯಾದೆಗೋ, ಅವರಿಗೂ ಇಂದಿಗೆ ನೆನಪಿಲ್ಲ. ಹಣಮವ್ವ ಸಾಲು ಎತ್ತಿಕೊಂಡರು, ಇವರು ಹಿಂದೆ ಹೋದರು. ಬೆರಳು ಮೂಕ ಪಟ್ಟಿಗೆ ಬಂದಾಗ ಹಣಮವ್ವ ಕೈ ಎತ್ತಿ ನಿಲ್ಲಿಸಿದರು. “ಇದು ಒಮ್ಮಿಗಿಲೆ ಬಾಯಿ ಹಿಡದಂಗಾತು. ಮೊದಲ ಸಣ್ಣಗ ಉಸ್ ಅಂತಿತ್ತು.” ಬನಾತು ಗಾಳಿಯನ್ನು ಪೂರ್ತಿ ತಡೆದಿತ್ತು. ಶಿವಗಂಗಾ ಅದನ್ನು ಕಿತ್ತು, ಹಿತ್ತಾಳೆ ಪುಡಿಯ ಡಬ್ಬಿಯಲ್ಲಿ ಬಿದ್ದಿದ್ದ ಆ ಹಳೆಯ ಸೀರೆಯ ತುಂಡನ್ನೇ ಹುಡುಕಿ ಝಾಡಿಸಿ ತುರುಕಿದರು. ಮತ್ತೆ ನುಡಿಸಿದರು. ಈ ಸಲ ಪಟ್ಟಿ ‘ಉಸ್’ ಎಂದಿತು. ಮೂವರೂ ಹೆಂಗಸರು ಒಟ್ಟಿಗೆ ಉಸಿರೆಳೆದರು. ಶಿವಗಂಗಾ ಕೂಡ.

ಪದ ಮುಗಿಯುವವರೆಗೆ ಯಾರೂ ನಿಲ್ಲಿಸಲಿಲ್ಲ. ಶಟರಿನ ಹೊರಗೆ ಆಟೊದ ಇಂಜಿನ್ ಆರಿಸಿ ದೇವೀಂದ್ರಪ್ಪ ನಿಂತಿದ್ದರು. ಆಗ ಗಂಟೆ ಎಂಟೂವರೆ. ಓಣಿತುಂಬ ಹಾರ್ನು, ಹಾಲಿನ ಕ್ಯಾನಿನ ಸದ್ದು, ಎದುರಿನ ಹಿಟ್ಟಿನ ಗಿರಣಿ. ಅದೆಲ್ಲ ಇತ್ತು ಎಂಬುದು ಶಿವಗಂಗಾ ಅವರಿಗೆ ತಿಳಿದದ್ದು ಅವರೆಲ್ಲ ಹೋದ ಮೇಲೆ. “ಅಷ್ಟೊತ್ತು ನುಡಸೀನಿ, ಒಂದ್ ಅಲೆನೂ ಕೇಳಲಿಲ್ರಿ. ಇದ್ದವೋ ಇಲ್ಲೋ, ಅದೂ ಗೊತ್ತಿಲ್ಲ.”

ಅಂದು ಸಂಜೆ ಅಪ್ಪನ ಪೇಟಿ ಕೆಳಗಿಳಿಯಿತು. ಮುರಿದ ನಾಲಿಗೆಯ ಸಮೇತವೇ ಒಂದು ತಿಂಗಳು ನುಡಿಸಿದರು. ಆಮೇಲೆ ಹೊಸದು ಹಾಕಿದರು. “ಗೊಬ್ಬೂರದ ಉಸರು ಗೊಬ್ಬೂರದವ್ರಿಗಿ. ಅಪ್ಪನ ಪದಕ್ಕ ಆ ಸ್ವರ ಬೇಕ್ರಿ.” ಹಾಕಿದ ದಿನವೇ ಒಂದು ನೇಮ ಮಾಡಿಕೊಂಡರು. ಸ್ಕ್ರೂಡ್ರೈವರು, ಅರ, ತಗಡು ಎಲ್ಲ ಅಂಗಡಿಯಲ್ಲಿ. ಅಪ್ಪನ ಪೇಟಿ ಮನೆಯಲ್ಲಿ. ನಡುವೆ ಒಂದು ಓಣಿ. ಅಲೆ ಕೇಳಿದರೆ ಕೇಳಲಿ, ಸರಿ ಮಾಡಬೇಕೆಂದರೆ ಹಾಡು ಬಿಟ್ಟು ಎದ್ದು ಓಣಿ ದಾಟಬೇಕು. ಒಂದು ವರ್ಷದಲ್ಲಿ ಎರಡೇ ಸಲ ದಾಟಿದ್ದಾರಂತೆ.

ನುಡಿಸುವ ಮನಸ್ಸು ಪ್ರತಿದಿನ ಬರುತ್ತದೆ ಎಂದು ಅವರು ಹೇಳುವುದಿಲ್ಲ. ಸಂಕ್ರಾಂತಿಯ ಮೇಲೆ ಮೂರು ವಾರ ಪೇಟಿ ಮುಟ್ಟಿರಲಿಲ್ಲ. “ಮೊದಲಾಗಿದ್ರ ಮುಗೀತು ಅಂತಿದ್ದೆ. ಈಗ ಬಸ್ಸಿಗಿ ಕುಂತಂಗ ಕುಂದರತೇನಿ. ತಡಾ ಆಗತದ, ಬರತದ.” ಅಂಗಡಿಯ ಕೆಲಸದ ಕ್ರಮವೂ ಬದಲಾಗಿದೆ. ಯಾವ ಊರಿನ ಪೇಟಿಯೇ ಬರಲಿ, ಬಿಚ್ಚುವ ಮೊದಲು ತಂದವರಿಂದ ಒಂದು ಪದ ಹಾಡಿಸಿ ತಾವೇ ನುಡಿಸುತ್ತಾರೆ. ಆಮೇಲೆ ಕೇಳುತ್ತಾರೆ, “ಇದರಾಗ ನಾ ಏನ್ ಮುಟ್ಟಬಾರದು, ಅದನ್ನ ಮೊದಲ ಹೇಳ್ರಿ.” ಕಳೆದ ವಾರ ಕೊಳಕೂರದ ಪೇಟಿ ಸಿದ್ಧವಾದಾಗ ಲಾಡ್ಲೆಸಾಬ ಬಂದು, ಶಿವಗಂಗಾ ನುಡಿಸುತ್ತಿರುವಾಗ ಕಟ್ಟಿಗೆಯ ಮೇಲೆ ಅಂಗೈ ಇಟ್ಟರು. ಬಹಳ ಹೊತ್ತು ತೆಗೆಯಲಿಲ್ಲ. “ಯಾರೋ ಬಂದಾರ ಒಳಗ” ಎಂದರು. ಅಷ್ಟೇ.

ಈಗ ಗಂಟೆ ಎಂಟಾಗಲು ಐದು ನಿಮಿಷ. ಮೂವತ್ತೊಂದನೆಯ ನಾಲಿಗೆ ಕೂಡಿಸಿ ಶಿವಗಂಗಾ ಅರ ಕೆಳಗಿಡುತ್ತಾರೆ, ತಣ್ಣಗಾದ ಚಹಾ ಎತ್ತಿಕೊಳ್ಳುತ್ತಾರೆ. ಶಟರು ಪೂರ್ತಿ ಮೇಲೆ ಹೋಗುತ್ತದೆ. “ಮಾತಾಡಲೇನ್ರಿ ಮಾಸ್ತರ?” ಎಂದು ಹೊರಗಿಂದ ದೇವೀಂದ್ರಪ್ಪ ಕೇಳುತ್ತಾರೆ. ಗೊಬ್ಬೂರದಿಂದ ಫೋನ್ ಬಂದಿದೆಯಂತೆ. ಇಪ್ಪತ್ತ್ಮೂರು ವರ್ಷ ಎರಡೂ ಕೈ ಪೇಟಿಗೆ ಕೊಟ್ಟ ಹಣಮವ್ವನಿಗೆ ಒಮ್ಮೆಯಾದರೂ ಕೈಯಲ್ಲಿ ತಾಳ ಹಿಡಿದು ಹಾಡುವ ಆಸೆ. ಶ್ರಾವಣದ ಮೊದಲ ಸೋಮವಾರ ಪೇಟಿಗೆ ಯಾರು ಕೂರಬೇಕು ಎಂದು ಅವರು ಕೇಳಿಲ್ಲ, ಹೇಳಿದ್ದಾರೆ.

ಶಿವಗಂಗಾ ಅವರಿಗೆ ಬೇಕಾದದ್ದೂ ಅದೇ, ಹಾಡುವವರ ನಡುವೆ ಕುಳಿತು ನುಡಿಸುವ ಒಂದು ಸಂಜೆ. ಬಲಗೈ ಬೆರಳಿಗೆ ಮೆತ್ತಿದ ಹಿತ್ತಾಳೆ ಪುಡಿಯನ್ನು ಊದಿಕೊಂಡು ಗಂಡನಿಗೆ ಹೇಳುತ್ತಾರೆ:

“ಬರತೇನಂತ ಹೇಳ್ರಿ. ಆ ಪಟ್ಟಿಗಿ ಬಂದಾಗ ಉಸರ ಎಲ್ಲಿ ತಗೋಬೇಕು, ನನಗ ಗೊತ್ತದ.”