ಗುಳ್ಳೆಮಾಮನ ಹಸಿರು ಕಲ್ಲು

ಬಾಟಲಿ ಕಾರ್ಖಾನೆಯಲ್ಲಿ ಎಲ್ಲರ ಬಾಯಲ್ಲೂ ಅವನು ಗುಳ್ಳೆಮಾಮ. ಕುಲುಮೆಯಿಂದ ಇಳಿದು, ತಣಿದು, ಸಾಲಾಗಿ ಬರುವ ಬಾಟಲಿಗಳನ್ನು ಒಂದೊಂದಾಗಿ ಎತ್ತಿ, ಬಿಳಿ ದೀಪದ ಮುಂದೆ ಹಿಡಿದು, ಹೆಬ್ಬೆರಳಿನಿಂದ ಒಂದು ಸುತ್ತು ತಿರುಗಿಸಿ, ಗಾಜಿನೊಳಗೆ ಗುಳ್ಳೆ ಕಂಡರೆ ಎಡಗಡೆಯ ಪೆಟ್ಟಿಗೆಗೆ ಹಾಕುವುದು ಅವನ ಕೆಲಸ. ಗುಳ್ಳೆ ಉಳಿದ ಬಾಟಲಿ ಎಂದಾದರೊಂದು ದಿನ ಯಾರದೋ ಕೈಯಲ್ಲಿ ಸಿಡಿಯುತ್ತದೆ. ಅದಕ್ಕೇ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂರಬೇಕು. ಕುಲುಮೆಗೆ ಮರಳು ಸುರಿಯಲು ಸೇರಿದವನು, ಮೀಸೆ ಬಂದ ಮೇಲೆ ದೀಪದ ಮುಂದೆ ಕೂತ. ಮೀಸೆ ಬೆಳ್ಳಗಾದರೂ ಅಲ್ಲಿಂದ ಏಳಲಿಲ್ಲ. ಮೊದಲ ಸಲ ಮಾವನ ಮನೆಗೆ ಹೋದಾಗ ಕೊಟ್ಟ ನೀರನ್ನು ಕುಡಿಯುವುದು ಬಿಟ್ಟು ಲೋಟವನ್ನೇ ಬೆಳಕಿಗೆ ಹಿಡಿದು ತಿರುಗಿಸಿದ್ದನಂತೆ. ಹೆಂಡತಿ ಅದನ್ನು ಇವತ್ತಿಗೂ ಆಡಿಕೊಳ್ಳುತ್ತಾಳೆ.

ಒಂದು ವರ್ಷದಿಂದ ಅವನ ಎಡಗಡೆಯ ಪೆಟ್ಟಿಗೆ ತುಂಬುತ್ತಲೇ ಇರಲಿಲ್ಲ. "ಕುಲುಮೆ ಸುಧಾರಿಸಿದೆ ಕಣ್ರೋ, ಈಗಿನ ಗಾಜು ಚೊಕ್ಕ" ಎಂದು ಊಟದ ಹೊತ್ತಿನಲ್ಲಿ ಅವನೇ ಹೊಗಳುತ್ತಿದ್ದ. ಪಾಪ, ಹಾಗೆಂದು ನಿಜವಾಗಿಯೂ ನಂಬಿದ್ದ. ಸಂಜೆ ಬೀದಿದೀಪದ ಸುತ್ತ ಬಣ್ಣದ ಬಳೆಯಂಥದ್ದು ಕಾಣುತ್ತಿತ್ತು. ಮಂಜಿರಬೇಕು ಎಂದುಕೊಂಡ. ಬೇಸಿಗೆಯಲ್ಲಿ ಎಲ್ಲಿಯ ಮಂಜು? ಅವನ ಅಣ್ಣನಿಗೂ ಹೀಗೇ ದೀಪಗಳ ಸುತ್ತ ಬಳೆ ಕಾಣಿಸಿಕೊಂಡು, ಕಣ್ಣಿನ ನರ ಒಣಗಿ, ಹೋದ ದೃಷ್ಟಿ ತಿರುಗಿ ಬರುವುದಿಲ್ಲವೆಂದು ವೈದ್ಯರು ಕೈಚೆಲ್ಲಿದ್ದರು. ಅದು ಗುಳ್ಳೆಮಾಮನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಯೋಚಿಸುವುದಿಲ್ಲವೆಂದು ಹಟ ಹಿಡಿದಿದ್ದ, ಅಷ್ಟೇ.

ಹೀಗಿರುವಾಗ ಮೇಲ್ವಿಚಾರಕ ಬಂದು, ಗಿರಾಕಿಗಳಿಂದ ಬಾಟಲಿಗಳು ವಾಪಸು ಬರುತ್ತಿವೆ, ಮುಂದಿನ ವಾರ ದೀಪದ ಮುಂದೆ ಕೂರುವವರೆಲ್ಲರ ಕಣ್ಣು ಪರೀಕ್ಷೆ, ತಪ್ಪಿದವರು ಮನೆಗೆ ಎಂದು ಹೇಳಿ ಹೋದ. ಕೆಲಸ ಹೋಗುವುದೊಂದು ಕಡೆ. ಗುಳ್ಳೆ ಕಾಣದ ಗುಳ್ಳೆಮಾಮ ಎಂದು ನಾಲ್ಕು ಜನ ನಗುವಂತೆ ಹೋಗುವುದು ಸಾವಿಗಿಂತ ಕಡೆ ಅನ್ನಿಸಿತು ಅವನಿಗೆ.

ಆ ಭಾನುವಾರವೇ ಕಲ್ಲು ಸಿಕ್ಕಿದ್ದು. ರೈಲುಹಳಿಯಾಚೆಯ ಹಳ್ಳದಲ್ಲಿ ಕಾಲು ತೊಳೆಯಲು ಇಳಿದಾಗ ಕಾಲಿನ ಹೆಬ್ಬೆರಳಿಗೆ ತಾಕಿತು. ಮುಷ್ಟಿಗಾತ್ರ, ನುಣುಪು, ಕಡು ಹಸಿರು. ಬಿಸಿಲಿಗೆ ಹಿಡಿದರೆ ಒಳಗೆಲ್ಲ ಬೆಳಕು. ಅವನ ಕೈ ತಾನಾಗಿಯೇ ಅದನ್ನು ಒಂದು ಸುತ್ತು ತಿರುಗಿಸಿತು. ಒಂದು ಗುಳ್ಳೆಯೂ ಇಲ್ಲ.

"ಗಾಜಿರಬೇಕು ಮಾಮಾ" ಎಂದ, ಅವನು ಕಲ್ಲನ್ನು ಮನೆಗೆ ತಂದಾಗ ನೋಡಿದ ಪಕ್ಕದ ಮನೆಯ ಬಡಗಿ.

"ನನಗೇ ಗಾಜಿನ ಪಾಠ ಹೇಳ್ತೀಯಾ? ಗಾಜಾಗಿದ್ರೆ ಇಷ್ಟು ದಪ್ಪಕ್ಕೆ ಗುಳ್ಳೆ ಇದ್ದೇ ಇರುತ್ತೆ. ಗುಳ್ಳೆ ನನ್ನ ಕಣ್ಣು ತಪ್ಪಿಸಿ ಹೋಗಿದ್ದುಂಟಾ? ಇದು ಭೂಮಿಯೊಳಗೆ ಹುಟ್ಟಿದ ಹರಳು."

ಈ ವಿಷಯದಲ್ಲಿ ಗುಳ್ಳೆಮಾಮನ ಮಾತಿಗೆ ಎದುರಾಡುವವರು ಬೀದಿಯಲ್ಲಿ ಯಾರೂ ಇರಲಿಲ್ಲ. ಹೆಂಡತಿ ಕಲ್ಲನ್ನು ತೊಳೆದು ಒರೆಸಿ, ಕಿಟಕಿಯ ಬೆಳಕಿನಲ್ಲಿ ಬಹಳ ಹೊತ್ತು ನೋಡಿದಳು. "ಚೆನ್ನಾಗಿದೆ ರೀ" ಎಂದು ಅವನ ಕೈಗೇ ಕೊಟ್ಟಳು. ಅವನು ಗಾಳಿಗೋಪುರ ಕಟ್ಟಲು ಕೂತ. ಕಲ್ಲು ಮಾರುವುದು, ಪರೀಕ್ಷೆಗೆ ಮುಂಚೆಯೇ ಮೇಲ್ವಿಚಾರಕನ ಮುಂದೆ ನಿಂತು "ಸಾಕಪ್ಪ, ನಾನು ಬಿಡ್ತೀನಿ" ಅನ್ನುವುದು, ತಲೆ ಎತ್ತಿಕೊಂಡು ಗೇಟು ದಾಟುವುದು. ಅಷ್ಟು ಸಿಕ್ಕಿದರೆ ಸಾಕಿತ್ತು ಅವನಿಗೆ.

ಅರ್ಧ ದಿನ ರಜೆ ಹಾಕಿ ಪೇಟೆಯ ಹರಳಂಗಡಿಗೆ ಹೋದ. ಅಲ್ಲಿ ಹರಳು ನೋಡುವವಳು ಮಗಳ ವಯಸ್ಸಿನ ಹೆಂಗಸು. ಕಲ್ಲನ್ನು ಕೈಗೆ ತೆಗೆದುಕೊಂಡವಳು ಭೂತಗನ್ನಡಿಯನ್ನು ಎತ್ತಲೂ ಇಲ್ಲ.

"ಅಜ್ಜಾ, ಇದು ಗಾಜು. ಹಳೇ ಕುಲುಮೆಯವರು ಎಸೆದದ್ದಿರಬೇಕು, ನೀರಲ್ಲಿ ಉರುಳಿ ನುಣುಪಾಗಿದೆ."

"ಗಾಜಿನಲ್ಲಿ ಗುಳ್ಳೆ ಇರುತ್ತಮ್ಮ" ಎಂದ ಅವನು, ತಾಳ್ಮೆಯಿಂದ, ಹೊಸಬರಿಗೆ ಕಲಿಸುವವನಂತೆ.

"ಇದೆಯಲ್ಲ ಅಜ್ಜಾ. ಇಲ್ಲಿ ಮೆಣಸಿನ ಕಾಳಿನಷ್ಟು, ಇಲ್ಲಿ ಸಾಸಿವೆಯಷ್ಟು. ಪೂರ್ತಿ ಗುಳ್ಳೆನೇ." ಅವಳು ಕಲ್ಲನ್ನು ದೀಪದ ಮುಂದೆ ಹಿಡಿದು, ಹೆಬ್ಬೆರಳಿನಿಂದ ಮೆಲ್ಲಗೆ ತಿರುಗಿಸಿದಳು. "ಹೀಗೆ ಬೆಳಕಿಗೆ ಹಿಡಿದು ನೋಡಬೇಕು. ಈಗ ಕಾಣ್ತಾ?"

ಅವನು ಬಗ್ಗಿ ನೋಡಿದ. ಹಸಿರು ಮಾತ್ರ ಕಂಡಿತು. ಮೋಡ ಮುಸುಕಿದ ಹಸಿರು, ಅದರ ಸುತ್ತ ಬಣ್ಣದ ಬಳೆ. "ಹೂಂ, ಕಾಣ್ತು" ಎಂದು ಸುಳ್ಳು ಹೇಳಿ, ಕಲ್ಲನ್ನು ಜೇಬಿಗೆ ಹಾಕಿಕೊಂಡು ಹೊರಬಿದ್ದ. ಕಲ್ಲು ಗಾಜಾದದ್ದಕ್ಕೆ ಅವನಿಗೆ ಅಷ್ಟು ದುಃಖವಿರಲಿಲ್ಲ. ಒಂದು ವರ್ಷದಿಂದ ತಾನು ಚೊಕ್ಕ ಎಂದು ಬಲಗಡೆಗೆ ಸರಿಸಿದ ಬಾಟಲಿಗಳೆಲ್ಲ ದಾರಿಯುದ್ದಕ್ಕೂ ಅವನ ತಲೆಯೊಳಗೆ ಸಿಡಿಯುತ್ತಿದ್ದವು.

ಮನೆಯಲ್ಲಿ ಹೆಂಡತಿ ಅವನ ಅಂಗಿಗೆ ಗುಂಡಿ ಹಚ್ಚುತ್ತಿದ್ದಳು. ಅವನು ಕಲ್ಲನ್ನು ಅವಳ ಮುಂದಿಟ್ಟ.

"ಇದರಲ್ಲಿ ಗುಳ್ಳೆ ಕಾಣುತ್ತಾ ನಿನಗೆ?"

ಅವಳು ಕಲ್ಲಿನ ಕಡೆ ನೋಡಲಿಲ್ಲ. "ಕಾಣುತ್ತೆ."

"ಯಾವಾಗಿನಿಂದ?"

"ನೀವು ತಂದ ದಿನದಿಂದ."

"ಮತ್ತೆ ಬಾಯಿ ಬಿಡೋದಲ್ವಾ? ಪೇಟೆಗೆ ಹೋಗಿ ಮರ್ಯಾದೆ ಕಳ್ಕೊಂಡು ಬಂದೆ."

ಅವಳು ದಾರವನ್ನು ಹಲ್ಲಿನಿಂದ ಕಡಿದಳು. "ಕಲ್ಲಿನ ವಿಷಯ ಹೇಳಿದ್ರೆ ಕಣ್ಣಿನ ವಿಷಯಾನೂ ಹೇಳಬೇಕಾಗ್ತಿತ್ತು. ನನ್ನ ಕೈಲಾಗಲಿಲ್ಲ ರೀ." ಅವಳ ದನಿ ಒಡೆಯಿತು. ಅವನು ಅಳಲಿಲ್ಲ, ಅವಳನ್ನು ಸಮಾಧಾನ ಮಾಡಲೂ ಇಲ್ಲ. ಗೋಡೆಗೆ ಒರಗಿ ಕೂತೇ ಬಿಟ್ಟ.

ಮರುದಿನ ಎಂದಿನಂತೆ ದೀಪದ ಮುಂದೆ ಕೂತ. ಮೊದಲ ಬಾಟಲಿಯನ್ನು ಎತ್ತಿ ತಿರುಗಿಸಿದ. ಚೊಕ್ಕವಾಗಿತ್ತು. ಅದನ್ನು ಎಡಗಡೆಯ ಪೆಟ್ಟಿಗೆಗೆ ಹಾಕಿದ. ಎರಡನೆಯದೂ ಚೊಕ್ಕ. ಅದೂ ಎಡಕ್ಕೆ. ಪೆಟ್ಟಿಗೆ ತುಂಬಿ, ಇನ್ನೊಂದು ಪೆಟ್ಟಿಗೆ ತರಿಸಿಕೊಂಡು ಅದನ್ನೂ ತುಂಬಿಸಿದ. ಪಕ್ಕದಲ್ಲಿ ಕೂತವರು ಮುಖ ಮುಖ ನೋಡಿಕೊಂಡರು. ಮೇಲ್ವಿಚಾರಕ ಓಡಿ ಬಂದ.

"ಏನ್ ಮಾಮಾ ಇದು, ಎಲ್ಲಾ ಎಡಕ್ಕೆ ಹಾಕ್ತಿದ್ದೀರಿ? ಏನಾಗಿದೆ ಇವಕ್ಕೆ?"

"ಗುಳ್ಳೆ."

ಮೇಲ್ವಿಚಾರಕ ಒಂದು ಬಾಟಲಿಯನ್ನು ತೆಗೆದು ಬೆಳಕಿಗೆ ಹಿಡಿದ. "ಎಲ್ಲಿದೆ ತೋರಿಸಿ."

"ನನಗೆ ಕಾಣ್ತಿಲ್ಲಪ್ಪ" ಎಂದ ಗುಳ್ಳೆಮಾಮ. "ಅದಕ್ಕೇ ಎಡಕ್ಕೆ ಹಾಕ್ತಿದೀನಿ."

ಯಾರೂ ನಗಲಿಲ್ಲ. ಬಾಟಲಿಗಳು ಸಾಲಾಗಿ ಬರುತ್ತಲೇ ಇದ್ದವು. ಅವನು ಎದ್ದು, ತನ್ನ ದೀಪವನ್ನು ಆರಿಸಲು ಕೈ ಚಾಚಿದ. ಗುಂಡಿ ಎಲ್ಲಿದೆಯೆಂದು ತಡಕಾಡಬೇಕಾಯಿತು.