ಮೇ ತಿಂಗಳಲ್ಲಿ ಆಗಸ್ಟ್‌ನ ಟೈರು

೧೯೮೪ರಲ್ಲಿ ನಾನು ಜಯನಗರದ ನಾಲ್ಕನೇ ಬ್ಲಾಕಿನಲ್ಲಿ ಕಚೇರಿ ಇಟ್ಟುಕೊಂಡು ಹಳೆಯ ವಾಹನಗಳ ವ್ಯಾಲ್ಯೂಯರ್ ಆಗಿದ್ದೆ. ವಿಮೆಗೆ ಮೊದಲು ಗಾಡಿ ಪರೀಕ್ಷಿಸಿ ರಿಪೋರ್ಟ್ ಕೊಡುವುದು ನನ್ನ ಕೆಲಸ. ಜನರಿಗೆ ಬೇಕಾಗಿದ್ದದ್ದು ನನ್ನ ಸಹಿ. ಅಭಿಪ್ರಾಯ ಯಾರಿಗೂ ಬೇಕಿರಲಿಲ್ಲ. ನನಗೂ ಸಿಹಿಯಾಗಿ ಮಾತಾಡಲು ಬರುತ್ತಿರಲಿಲ್ಲ.

ಆ ವರ್ಷ ಮೇ ತಿಂಗಳಲ್ಲಿ ಚಿಕ್ಕಲಸಂದ್ರದ ಗೌಡರೊಬ್ಬರು ಹೇಳಿಕಳಿಸಿದರು. ಹೊಲ ಲೇಔಟಾಗಿ, ಬಾಡಿಗೆ ಮನೆಗಳೆದ್ದು, ಕೈಯಲ್ಲಿ ಕಾಸು ಓಡಾಡುತ್ತಿದ್ದ ಕುಳ. ಮನೆಮಂದಿಯನ್ನೆಲ್ಲ ರಾಮೇಶ್ವರಕ್ಕೆ ಕರೆದೊಯ್ಯಲು ಕ್ಯಾಂಪರ್ ವ್ಯಾನ್ ಕೊಂಡಿದ್ದರು. ಒಳಗೇ ಮಲಗಲು ಮಂಚ, ಅಡುಗೆಗೆ ಒಲೆ. ಯಾರೋ ವಿದೇಶಿಯರು ಊರಿಗೆ ಮರಳುವಾಗ ಮಾರಿದ ಗಾಡಿ ಅದು. ಕೋಣನಕುಂಟೆಯ ಶೆಡ್ಡೊಂದರಲ್ಲಿ ವರ್ಷಗಟ್ಟಲೆ ನಿಂತಿತ್ತು.

ನಾನು ಹೋಗುವಷ್ಟರಲ್ಲಿ ಪೂಜೆ ಮುಗಿದಿತ್ತು. ಬಂಪರಿಗೆ ಹಾರ, ಚಕ್ರದಡಿ ನಿಂಬೆಹಣ್ಣು, ಒಳಗೆ ಹಾಸಿಗೆ, ಪಾತ್ರೆ. ತಾಳಿ ಕಟ್ಟಿದ ಮೇಲೆ ಜಾತಕ ನೋಡಲು ನನ್ನನ್ನು ಕರೆದಿದ್ದರು. ಅಲ್ಲೇ ನನಗೆ ಪಿತ್ತ ನೆತ್ತಿಗೇರಿತು.

ಎಂಜಿನ್, ಬ್ರೇಕ್ ಚೆನ್ನಾಗಿದ್ದವು. ಟೈರುಗಳು ಕಪ್ಪಗೆ ಮಿಂಚುತ್ತಿದ್ದವು, ಹಲ್ಲು ಸವೆದೇ ಇರಲಿಲ್ಲ. ಪಕ್ಕಕ್ಕೆ ಬಳಿದಿದ್ದ ಪಾಲಿಶ್ ಉಜ್ಜಿ ತೆಗೆದೆ. ಹೊರದೇಶದ ಟೈರುಗಳಲ್ಲಿ ತಯಾರಾದ ಕಾಲವನ್ನು ಆಗ ಮೂರು ಅಂಕಿಗಳಲ್ಲಿ ಅಚ್ಚು ಹಾಕುತ್ತಿದ್ದರು. ಮೊದಲ ಎರಡು ವರ್ಷದ ಎಷ್ಟನೇ ವಾರ ಎಂಬುದು, ಮೂರನೆಯದು ಇಸವಿಯ ಕೊನೆಯ ಅಂಕಿ. ಇಲ್ಲಿ ೩೨೪ ಎಂದಿತ್ತು.

ಗಾಡಿ ಮಾರಿಸಿದ್ದ ಬ್ರೋಕರ್ ನಗುತ್ತ ಬಂದ. ಅವನಿಗೂ ಅರ್ಧ ಲೆಕ್ಕ ಗೊತ್ತಿತ್ತು. “ಕೊನೇಲಿ ನಾಲ್ಕಿದೆ ನೋಡಿ ಸಾರ್. ಎಂಬತ್ನಾಲ್ಕು. ಈ ವರ್ಷದ್ದೇ ಟೈರು.”

“ಮೂವತ್ತೆರಡನೇ ವಾರ ಅಂದ್ರೆ ಆಗಸ್ಟ್ ಕಣಯ್ಯ,” ಎಂದೆ. “ಇವತ್ತಿನ್ನೂ ಮೇ. ಹುಟ್ಟದೇ ಇರೋ ಟೈರ್ ಮಾರ್ತಿದ್ದೀಯಾ? ಇದು ಎಪ್ಪತ್ನಾಲ್ಕರದ್ದು.”

ಅವನ ನಗು ನಿಂತಿತು. ಗೌಡರು ಮಾತ್ರ ಅವನನ್ನು ಬಿಟ್ಟು ನನ್ನ ಮೇಲೆ ಕೆಂಡವಾದರು. “ಹಲ್ಲು ನೋಡಿ ಸಾರ್, ಹೊಸದ್ರಂಗೈತೆ. ಪೂಜೆ ಆಗೈತೆ, ನೆಂಟ್ರು ನಿಂತವ್ರೆ. ಸೈನ್ ಹಾಕಿ ಹೋಗ್ತಾ ಇರಿ.”

ಹುಣಸೆಮರಕ್ಕೆ ಮುಪ್ಪಾದರೂ ಹುಳಿಗೆ ಮುಪ್ಪಿಲ್ಲ ಅನ್ನುತ್ತಾರೆ. ರಬ್ಬರಿಗೆ ಆ ಗಾದೆ ನಡೆಯುವುದಿಲ್ಲ. ಓಡದೆ ನಿಂತಿದ್ದರೂ ಅದು ಒಣಗುತ್ತದೆ. ಬಿಸಿಲಲ್ಲಿ ಭಾರ ಹೊತ್ತು ಓಡುವಾಗ ಸಿಡಿಯುತ್ತದೆ. ಇದನ್ನೆಲ್ಲ ಹೇಳಿದೆ, ಯಾರೂ ಕೇಳಲಿಲ್ಲ. ಸಹಿ ಹಾಕುವುದಿಲ್ಲ ಎಂದೆ.

“ಹಾಕ್ಬೇಡ ಹೋಗಯ್ಯ. ಇನ್ಶೂರೆನ್ಸ್ ಇಲ್ದೇನೇ ಹೋಯ್ತೀವಿ,” ಎಂದು ಗೌಡರು ಎಲ್ಲರಿಗೂ ಹತ್ತಲು ಹೇಳಿದರು. ಮಕ್ಕಳೂ ಸೇರಿ ಹನ್ನೊಂದು ಜನ. ಗೌಡರ ತಾಯಿ ಮೊದಲು ಮೆಟ್ಟಿಲ ಮೇಲೆ ಕಾಲಿಟ್ಟರು.

ನಾನು ಕುಕ್ಕರಗಾಲಲ್ಲಿ ಕೂತು ಮುಂದಿನ ಟೈರಿನ ವಾಲ್ವ್ ಪಿನ್ ಬಿಚ್ಚಿಬಿಟ್ಟೆ. ಗಾಳಿ ಬುಸ್ಸೆಂದು ಹೊರಟಿತು. ಗೌಡರು ಓಡಿಬಂದು ನನ್ನ ಕೊರಳಪಟ್ಟಿ ಹಿಡಿದರು.

“ಒಳ್ಳೇ ದಿನ ಹಾಳ್ ಮಾಡಕ್ಕೆ ಬಂದ್ಯಾ, ದರಿದ್ರ ನನ್ ಮಗನೇ!”

ನೆಂಟರು ಸುತ್ತುವರಿದರು. ನನಗೆ ಹೆದರಿಕೆಗಿಂತ ಸಿಟ್ಟೇ ಹೆಚ್ಚಾಗಿತ್ತು. “ಆಮೇಲೆ ಹೊಡೀರಿ. ಮೊದ್ಲು ಟೈರ್ ನೋಡಿ,” ಎಂದು ಕಿರುಚಿದೆ.

ಗಾಳಿ ಹೋದ ಟೈರು ಗಾಡಿಯ ಭಾರಕ್ಕೆ ಮಡಚಿಕೊಂಡಿತ್ತು. ಪಾಲಿಶ್ ಮುಚ್ಚಿದ್ದ ಬಿರುಕುಗಳು ಆ ಮಡಿಕೆಯಲ್ಲಿ ಬಾಯಿಬಿಟ್ಟು, ಒಳಗಿನ ನೂಲು ಬೆಳ್ಳಗೆ ಕಾಣುತ್ತಿತ್ತು. ಗೌಡರ ತಾಯಿ ಮೆಟ್ಟಿಲಿಳಿದು ಬಂದು ಬಗ್ಗಿ ನೋಡಿದರು.

“ನಾನ್ ಇದ್ರಲ್ಲಿ ಹತ್ತಾಕಿಲ್ಲ ಕಣಪ್ಪ. ಮಕ್ಳೂ ಹತ್ತಾಕಿಲ್ಲ.”

ಗೌಡರ ಕೈ ಸಡಿಲವಾಯಿತು. ಅವತ್ತಿನ ಪ್ರಯಾಣ ನಿಂತಿತು. ಟೈರುಗಳನ್ನೆಲ್ಲ ಬದಲಾಯಿಸಿದ ಮೇಲೆ ನಾನು ಸಹಿ ಹಾಕಿದೆ. ಅವರು ರಾಮೇಶ್ವರಕ್ಕೆ ಹೋಗಿ ಸುಖವಾಗಿ ಬಂದರು. ಬಂದವರೇ ಊರೆಲ್ಲ ಹೇಳಿಕೊಂಡು ತಿರುಗಿದರು: “ನೋಡಿ, ಹೋಗ್ ಬಂದ್ವಿ, ಏನಾಯ್ತು? ಆವಯ್ಯ ಸುಮ್ನೆ ಮಾನ ಕಳೆದ.” ಹೋಗಿ ಬಂದದ್ದು ಹೊಸ ಟೈರಿನ ಮೇಲೆ ಎಂಬುದು ಅವರಿಗೆ ಮರೆತೇಹೋಗಿತ್ತು.

ನಡೆಯದ ಅಪಘಾತಕ್ಕೆ ಸಾಕ್ಷಿ ಇರುವುದಿಲ್ಲ, ತಡೆದವನಿಗೆ ಬೈಗುಳವೇ ಸಂಬಳ. ನನ್ನ ವೃತ್ತಿ ಕಲಿಸಿದ್ದು ಇಷ್ಟು. ಮುಂದೊಂದು ವರ್ಷ ಸಾರಕ್ಕಿಯ ಕೂಡುರಸ್ತೆಯಲ್ಲಿ ಆ ವ್ಯಾನ್ ನನ್ನ ಸ್ಕೂಟರಿನ ಪಕ್ಕ ನಿಂತಿತು. ಗೌಡರು ನನ್ನನ್ನು ಕಂಡು, ಆಚೆ ತಿರುಗಿ ಉಗುಳಿ, ಗಾಜು ಏರಿಸಿಕೊಂಡರು. ನಾನು ಗಾಜಿನಾಚೆಯ ತಲೆಗಳನ್ನು ಎಣಿಸಿದೆ. ಹನ್ನೆರಡಿದ್ದವು. ಅಜ್ಜಿಯ ಮಡಿಲಲ್ಲಿ ಒಂದು ಕೂಸು ಹೊಸದಾಗಿ ಬಂದಿತ್ತು.