ಮಾರ್ನೆಮಿ ಮುಗಿದ ಮರುದಿನ

ನಮ್ಮ ಕಡೆ ಮಾರ್ನೆಮಿಯಲ್ಲಿ, ಅಂದರೆ ನವರಾತ್ರಿಯಲ್ಲಿ, ಹರಕೆ ಹೊತ್ತವರು ವೇಷ ಹಾಕಿ ಅಂಗಡಿ ಅಂಗಡಿ ಸುತ್ತಿ, ಕುಣಿದು ಕಾಸು ಪಡೆಯುತ್ತಾರೆ. ಕಂಕನಾಡಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುವ ನನಗೆ ಹುಲಿವೇಷಕ್ಕಿಂತ ಹೆಣ್ಣುವೇಷದ ಗಂಡಸರನ್ನು ನೋಡುವ ಚಪಲ. ನಮ್ಮ ಧಣಿ ಬ್ಯಾರಿ ಮುಸ್ಲಿಮರು, ಹಬ್ಬ ಅವರದಲ್ಲ. ಆದರೂ ವೇಷಗಳಿಗೆಂದು ಚಿಲ್ಲರೆ ಡಬ್ಬ ತುಂಬಿಸಿಡುವುದು ಅವರೇ.

ಬೈಕಂಪಾಡಿಯಲ್ಲಿ ವೆಲ್ಡಿಂಗ್ ಮಾಡುವ ಒಬ್ಬರು ಪ್ರತಿವರ್ಷ ಜರಿಸೀರೆ ಉಟ್ಟು ಬರುತ್ತಾರೆ. ನೆರಿಗೆ ನನಗಿಂತ ಚಂದ ಹಿಡಿಯುತ್ತಾರೆ, ನೋಡಿದರೆ ಹೊಟ್ಟೆಕಿಚ್ಚಾಗುತ್ತದೆ. ಬಸ್ಸಿನಲ್ಲಿ ಯಾರೂ ಕೀಟಲೆ ಮಾಡುವುದಿಲ್ಲವೇ ಎಂದು ಒಮ್ಮೆ ಕೇಳಿದ್ದೆ. ಸಂಜೆ ಬಿಚ್ಚಿಡುತ್ತೇನೆಂದು ಎಲ್ಲರಿಗೂ ಗೊತ್ತಲ್ಲ, ಅದಕ್ಕೇ ಮರ್ಯಾದೆ ಎಂದಿದ್ದರು.

ಕಳೆದ ಮಾರ್ನೆಮಿಯಲ್ಲಿ, ಅಂಗಡಿ ತುಂಬ ಗಿರಾಕಿಗಳಿದ್ದಾಗ, ಹತ್ತಿ ಸೀರೆ ಉಟ್ಟ ಹೊಸಬರೊಬ್ಬರು ಒಳಗೆ ಬಂದರು. ಎತ್ತರದ ಆಳು, ದಪ್ಪ ದನಿ. ಧಣಿ ಡಬ್ಬಕ್ಕೆ ಕೈಹಾಕಿ ನೋಟು ಕೊಟ್ಟು, ಕುಣಿತ ಇಲ್ಲವೇ ಎಂದು ಕೇಳಿದರು. ನಾನೂ ಮೊಬೈಲ್ ಎತ್ತಿ ಹಿಡಿದಿದ್ದೆ. ಆಕೆ ನೋಟನ್ನು ಮೆಲ್ಲಗೆ ಕೌಂಟರಿನ ಮೇಲಿಟ್ಟರು.

"ನಾನು ವೇಷ ಅಲ್ಲ. ಸೇಲ್ಸಿಗೆ ಹೆಂಗಸರು ಬೇಕು ಅಂತ ಬೋರ್ಡ್ ಉಂಟಲ್ಲ, ಅದಕ್ಕೆ ಬಂದದ್ದು."

ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಆಕೆ ಮೊದಲು ಬೇರೊಂದು ಅಂಗಡಿಯಲ್ಲಿ ಪ್ಯಾಂಟು ಶರ್ಟು ಹಾಕಿ ಸೀರೆ ಮಾರುತ್ತಿದ್ದರಂತೆ. ತಾನೇ ಸೀರೆ ಉಡತೊಡಗಿದ ಮೇಲೆ ಎಲ್ಲೂ ಕೆಲಸ ಸಿಕ್ಕಿಲ್ಲವಂತೆ. ಗಿರಾಕಿಗಳು ಏನನ್ನುತ್ತಾರೋ ಎಂದು ಧಣಿ ರಾಗ ಎಳೆದರು.

ಅಷ್ಟರಲ್ಲಿ ವೆಲ್ಡಿಂಗಿನವರು ಜರಿಸೀರೆಯಲ್ಲಿ ಬಂದರು. ಹೆಂಗಸರು ಸೆಲ್ಫಿಗೆ ಮುತ್ತಿಕೊಂಡರು, ಧಣಿಯೂ ನಕ್ಕರು. ನಾನು ವೆಲ್ಡಿಂಗಿನವರಿಗೆ ವಿಷಯ ಹೇಳಿದೆ. ಅವರು ಕುಣಿಯಲಿಲ್ಲ, ಧಣಿಯತ್ತ ತಿರುಗಿದರು.

"ನಾನು ಸೀರೆ ಉಟ್ಟು ಇಲ್ಲಿ ಕುಣಿಯಬಹುದು. ಇವರು ಸೀರೆ ಉಟ್ಟು ಸೀರೆ ಮಾರಿದರೆ ಎಂತ ತೊಂದರೆ ಮಾರಾಯ್ರೆ?"

ಧಣಿ ಕೌಂಟರಿನ ಮೇಲಿದ್ದ ನೋಟನ್ನು ಡಬ್ಬಕ್ಕೆ ಹಾಕಿದರು. ಆಮೇಲೆ, ಹಾಗಾದರೆ ಇವತ್ತೇ ಸೇರಲಿ, ಹಬ್ಬದ ಗದ್ದಲದಲ್ಲಿ ಜನ ವೇಷ ಅಂದುಕೊಳ್ಳುತ್ತಾರೆ, ನೋಡಿ ನೋಡಿ ಅಭ್ಯಾಸವಾಗುತ್ತದೆ ಎಂದರು. ಜಾಣ ಉಪಾಯವೆಂದು ನನಗೂ ಅನಿಸಿತು. ಆದರೆ ಕೈಗೆ ಬಂದ ಕೆಲಸಕ್ಕೆ ಆಕೆ ಹೂಂ ಅನ್ನಲಿಲ್ಲ.

"ಮಾರ್ನೆಮಿ ಮುಗಿದ ಮರುದಿನ ಬರ್ತೇನೆ," ಎಂದು ಹೊರಟೇಹೋದರು.

ಅಷ್ಟರೊಳಗೆ ಧಣಿಯ ಮನಸ್ಸು ತಿರುಗಿದರೆ ಎಂದು ನಾನೇ ದಿನ ಎಣಿಸಿದೆ. ಹಬ್ಬ ಮುಗಿದ ಮರುದಿನ ಬೆಳಿಗ್ಗೆ ಶಟರ್ ಎತ್ತುವಾಗ ಆಕೆ ಮೆಟ್ಟಿಲ ಬಳಿ ನಿಂತಿದ್ದರು. ಧಣಿ ಸೀರೆಯ ವಿಭಾಗ ತೋರಿಸಿದರು. ಮೊದಲು ಬಂದದ್ದು ದೇರೆಬೈಲಿನ ಖಾಯಂ ಗಿರಾಕಿ, ವಯಸ್ಸಾದ ಹೆಂಗಸು. ಹೊಸಬರನ್ನು ಮೇಲಿಂದ ಕೆಳಗೆ ನೋಡಿ, ಹಬ್ಬ ಮುಗಿಯಿತಲ್ಲ, ಇದು ಎಂತ ಎಂದು ನನ್ನನ್ನು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಉತ್ತರ ಬಂತು.

"ಇಲ್ಲಿ ಸೀರೆ ತೋರಿಸುವುದು ನಾನು, ಅಮ್ಮ. ಕೂತುಕೊಳ್ಳಿ."

ಗಿರಾಕಿ ಒಂದು ಕ್ಷಣ ನಿಂತೇ ಇದ್ದರು. ಆಮೇಲೆ ಕೂತರು.